ಸೊಲ್ಲಿಗೆ ಬಿಟ್ಟ ಜಾಗ

ಅಳಿಸಿದರೆ ಆ ದನಿ ಎಲ್ಲಿಗೆ ಹೋಗುತ್ತದೆ? ಹೋದರೆ ಹೋಗಲಿ ಎನ್ನುವುದಾದರೆ ಬೆರಳೇಕೆ ಒತ್ತುತ್ತಿಲ್ಲ? ರಂಗನಾಥ ಮೌಸಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದ.

ಕೊಳ್ಳೇಗಾಲದ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿತ್ತು ಅವನ ರೆಕಾರ್ಡಿಂಗ್ ಕೋಣೆ. ಹಾಡುವವರಿಗೂ ಅವನಿಗೂ ನಡುವೆ ಒಂದು ಗಾಜು. ಅಗರದ ಕೆಂಪಾಜಮ್ಮ ಬೆಳಗ್ಗೆಯೇ ಮಗಳು ದೀಪಳನ್ನು ಕರೆದುಕೊಂಡು ಬಂದಿದ್ದಳು. ದೀಪಳ ಮದುವೆಗೆ ಸೋಬಾನೆ ಹಾಡಿಟ್ಟುಕೊಳ್ಳಬೇಕಿತ್ತು. ಧಾರೆಯ ಹೊತ್ತಿಗೆ ತನ್ನ ಗಂಟಲು ಕಟ್ಟುತ್ತದೆಂದು ಆ ತಾಯಿಗೆ ಗೊತ್ತಿತ್ತು.

"ಓದ್ಸಲ ಉಸ್ರು ಬುಡಕೂ ಜಾಗ ಇಲ್ದಂಗೆ ಕತ್ತರಿಸ್ಬುಟ್ಟಿದ್ರಿ ಸಾ," ಎಂದು ಬಂದವಳೇ ಚುಚ್ಚಿದ್ದಳು. "ನಮ್ಮಣ್ಣನ ಮಗನ್ ಮದ್ವೇಲಿ ಮೈಕೊಳ್ಗೆ ನಾನೊಬ್ಳೇ ಓಡ್ತಾವ್ನಿ, ಸೊಲ್ಲೆತ್ಕಳೋ ಎಂಗಸ್ರು ಬಾಯ್ ತಕ್ಕಂಡು ನಿಂತವ್ರೆ."

ಒಬ್ಬರು ಹಾಡಿ ನಿಲ್ಲಿಸಿದ ಸಾಲನ್ನು ಉಳಿದವರು ಸೊಲ್ಲಾಗಿ ಎತ್ತಿಕೊಳ್ಳಬೇಕು. ಆ ನಿಲುಗಡೆಯೇ ಸೋಬಾನೆಯ ಅರ್ಧ. ರಂಗನಾಥ ಅದನ್ನು ಖಾಲಿ ಎಂದುಕೊಂಡಿದ್ದ. ಪರದೆಯ ಮೇಲೆ ಅಲೆ ಸಣ್ಣದಾದಲ್ಲೆಲ್ಲ, ಕಿವಿಗೊಡದೆ, ಕಣ್ಣಳತೆಯಲ್ಲೇ ಕತ್ತರಿಸಿ ಎಸೆದಿದ್ದ.

ಈಗ ಡಿಸ್ಕ್ ತುಂಬಿಹೋಗಿದೆಯೆಂದು ಕಂಪ್ಯೂಟರ್ ಹಟ ಹಿಡಿದಿತ್ತು. ಕಣ್ಣಿಗೆ ಕಂಡ ಫೈಲುಗಳನ್ನೆಲ್ಲ ತೆಗೆದರೂ ಜಾಗವಾಗಲಿಲ್ಲ. ಅಡಗಿದವನ್ನೂ ತೋರಿಸೆಂದು ಗುರುತು ಹಾಕಿದಾಗ, ಕೆರೆಯ ನೀರು ಇಳಿದು ಮುಳುಗಿದ್ದ ಮೆಟ್ಟಿಲು ಮೇಲೇಳುವಂತೆ, ಮಸುಕಾದ ಫೋಲ್ಡರೊಂದು ತೇಲಿಬಂತು. ಅವನು ಕತ್ತರಿಸಿದ್ದನ್ನೆಲ್ಲ ಸಾಫ್ಟ್‌ವೇರ್ ಸದ್ದಿಲ್ಲದೆ ಅಲ್ಲಿ ಎತ್ತಿಟ್ಟಿತ್ತು.

ಹೆಡ್‌ಫೋನ್ ಹಾಕಿಕೊಂಡ. ಕಳೆದ ವರ್ಷದ ಒಂದು ಮಧ್ಯಾಹ್ನ ಕಿವಿಯೊಳಗೆ ನಿಧಾನಕ್ಕೆ ತೆರೆದುಕೊಂಡಿತು. ಬಳೆಯ ಸದ್ದು, ಸೂರಿನ ಪಾರಿವಾಳ, ಹಿಂದಿನ ಬೀದಿಯ ಮಗ್ಗ, ಬಿಸಿಲಿಗೂ ಒಂದು ಸದ್ದಿರುವಂತೆ ಸಣ್ಣನೆಯ ಮೊರೆತ. ಆಮೇಲೆ, ನೀರಿನಡಿಯಿಂದ ಬಂದಂತೆ, ಕೆಂಪಾಜಮ್ಮನ ದನಿ.

"ಯಾಕ್ಲೇ, ಆ ಗಾಜಿನ್ ಕಡೀಕೇ ನೋಡೀಯೆ?"

"ಸುಮ್ಕಿರವ್ವ, ಮೈಕದೆ."

"ಆಪು ಮಾಡವ್ರೆ ಬುಡು. ಏನ್ಲೇ, ಇಷ್ಟವಾ?"

ಬಳೆಯ ಸದ್ದು. ಆಮೇಲೆ ದೀಪ: "ಅವ್ರಾಗೇ ಬಂದು ಕೇಳುದ್ರೆ ಊಂ ಅಂತೀನಿ ಕಣವ್ವ. ಬಾಯೇ ಇಲ್ವಲ್ಲ ಅವ್ರಿಗೆ."

ಇಬ್ಬರ ನಗು. ಮತ್ತೆ ಪಾರಿವಾಳ.

ಅವನು ಅದನ್ನೇ ಮತ್ತೆ ಮತ್ತೆ ಕೇಳಿದ. ಗಾಜಿನಾಚೆ ಇದೇ ದೀಪ ಅರಿಶಿನ ಬಣ್ಣದ ಸೀರೆಯಲ್ಲಿ, ಕಿಟಕಿಯ ಕೆಳಗೆ ಹನೂರಿನ ಬಸ್ಸು ತಿರುಗುವುದನ್ನು ನೋಡುತ್ತ ನಿಂತಿದ್ದಳು. ಆ ಬಸ್ಸಿನ ದಾರಿಯ ಅಜ್ಜೀಪುರಕ್ಕೆ ಅವಳನ್ನು ಕೊಡುತ್ತಿದ್ದರು. ಯಾವ ದೀಪ ನಿಜ, ಯಾವುದು ನೆರಳು ಎಂಬುದು ಅವನಿಗೆ ಅರೆಗಳಿಗೆ ತಿಳಿಯದಾಯಿತು.

ಕೊನೆಗೂ ಬೆರಳು ಒತ್ತಿತು. ಫೋಲ್ಡರ್ ಕಸದ ಬುಟ್ಟಿಗೆ ಹೋಯಿತು. ಆದರೂ ಡಿಸ್ಕಿನಲ್ಲಿ ಜಾಗವಾಗಲಿಲ್ಲ. ಬುಟ್ಟಿಯನ್ನೂ ಬರಿದು ಮಾಡಬೇಕಿತ್ತು. ಮೇಜಿನ ಡ್ರಾಯರಿನಲ್ಲಿ ಪೆನ್‌ಡ್ರೈವ್ ಇತ್ತು. ಡ್ರಾಯರಿನ ಹಿಡಿಯವರೆಗೆ ಹೋದ ಕೈ ಅಲ್ಲೇ ನಿಂತಿತು. ಬೇರೊಬ್ಬರ ಮನೆಗೆ ಹೋಗುವವಳ ಮಾತನ್ನು ಕದ್ದಿಟ್ಟುಕೊಂಡು ಬದುಕುವುದೆಂದರೆ?

ದೀಪ ಒಳಗೆ ಬಂದು ಪರದೆಯತ್ತ ಬಗ್ಗಿದಳು. "ಇನ್ನೂ ಜಾಗ ಆಗ್ಲಿಲ್ವಾ ಸಾ? ಇದ್ರಲ್ಲಿ ಹಾಡೇ ಇಲ್ವಲ್ಲ. ಬರೀ ಗೆರೆ."

"ಹಳೇದು."

"ಬ್ಯಾಡ್ದಿದ್ರೆ ಅಳ್ಸಿ ಅತ್ಲಾಗಿ. ಅವ್ವಂಗೆ ಗಂಟ್ಲು ಆರೋಯ್ತದೆ."

ಅವನು ಹೆಡ್‌ಫೋನ್ ತೆಗೆದಿಟ್ಟು, ಬುಟ್ಟಿಯನ್ನು ಬರಿದು ಮಾಡಿದ.

ಕೆಂಪಾಜಮ್ಮ ಹಾಡಿದಳು. ಒಂದು ಸಾಲು ಹಾಡಿ ನಿಲ್ಲಿಸಿ, ಕಾದು, ಮುಂದಿನದನ್ನು ಹಿಡಿದಳು. ಮದುಮಗಳು ತನ್ನ ಸೋಬಾನೆಗೆ ತಾನೇ ಸೊಲ್ಲೆತ್ತುವುದಿಲ್ಲವೆಂದು ದೀಪ ತುಟಿ ಬಿಗಿದು ಕೂತಿದ್ದಳು. ಪ್ರತಿ ನಿಲುಗಡೆಯಲ್ಲೂ ಮಗ್ಗ ಕೇಳಿಸಿತು, ಬಿಸಿಲು ಕೇಳಿಸಿತು. ಅವನು ಯಾವುದನ್ನೂ ಕತ್ತರಿಸಲಿಲ್ಲ.

"ಈಗ ಸರ್ಯಾಗದೆ," ಎಂದು ಕೆಂಪಾಜಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಚಪ್ರದಲ್ಲಿರೋರು ಎತ್ಕತಾರೆ. ನೀವೂ ಬನ್ನಿ ಸಾ, ಊಟ ಮಾಡ್ಕಂಡು ಓಗೀರಿ."

ಅಗರಕ್ಕೆ ಹೋಗುವ ಯಳಂದೂರಿನ ಬಸ್ಸಿಗೆ ಹೊತ್ತಾಗಿತ್ತು. ತಾಯಿ ಮೆಟ್ಟಿಲಿಳಿದ ಮೇಲೂ ದೀಪ ಬಾಗಿಲಲ್ಲಿ ತುಸು ನಿಂತಳು.

"ಆಗ ಅಷ್ಟೊತ್ತು ಕೇಳ್ತಾ ಕೂತಿದ್ರಲ್ಲ, ಏನಿತ್ತು ಅದ್ರಲ್ಲಿ?"

"ಏನಿಲ್ಲ. ಪಾರಿವಾಳದ ಸದ್ದು."

ಅವಳು ತಲೆಯಾಡಿಸಿ ಇಳಿದುಹೋದಳು. ನನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಲು ಕಳೆದ ವರ್ಷವೇ ಎರಡು ಸಲ ಅಗರದವರೆಗೆ ಹೋಗಿ ಹಿಂತಿರುಗಿದ್ದನ್ನು ರಂಗನಾಥ ಅವಳಿಗೆ ಹೇಳಲೇ ಇಲ್ಲ.