ಒಂದೂವರೆ ಪೆಟ್ಟಿಗೆಯ ಯಜಮಾನರು

ನನ್ನ ಗಂಡ ಈ ಮನೆಯಲ್ಲಿ ವಾಸವಿಲ್ಲ ಎಂದು ಬರೆದ ಕಾಗದವನ್ನು ನನ್ನ ಗಂಡನೇ ಈ ಮನೆಯ ಊಟದ ಮೇಜಿನ ಮೇಲೆ, ನಾನು ಬಡಿಸಿದ್ದನ್ನು ಉಣ್ಣುತ್ತಲೇ, ನನ್ನತ್ತ ಸರಿಸಿದರು.

"ಇಲ್ಲೊಂದು ಸೈನ್ ಹಾಕು," ಅಂದರು. "ಬರೀ ಫಾರ್ಮಾಲಿಟಿ."

ನಾಲ್ಕೇ ಸಾಲು. ಸದರಿ ವ್ಯಕ್ತಿ ಈ ಮನೆಯಲ್ಲಿ ವಾಸವಿಲ್ಲ. ಅವರ ಖಾಯಂ ಬಳಕೆಗೆ ಇಲ್ಲಿ ಮಂಚವಾಗಲಿ ಕೋಣೆಯಾಗಲಿ ಇಲ್ಲ. ಈ ಮನೆಯ ಬೀಗದ ಕೈ ಅವರ ಬಳಿ ಇಲ್ಲ. ಬಂದಾಗ ಅತಿಥಿಯಾಗಿ ಇದ್ದು ಹೋಗುತ್ತಾರೆ. ಹನ್ನೆರಡು ವರ್ಷದ ಸಂಸಾರವನ್ನು ಇಷ್ಟು ಚಿಕ್ಕದಾಗಿ ಬರೆಯಬಹುದೆಂದು ನನಗೆ ಗೊತ್ತಿರಲಿಲ್ಲ.

ಯಜಮಾನರ ಕೆಲಸ ಕಾರ್ಖಾನೆಗಳಲ್ಲಿ ಪ್ಯಾಕಿಂಗ್ ಯಂತ್ರ ಕೂರಿಸಿಕೊಡುವುದು. ಸಂಬಳ ಕೊಡುವ ಕಂಪನಿಯಿಲ್ಲ, ಗದರುವ ಮೇಲಧಿಕಾರಿಯಿಲ್ಲ. ಯಾವ ದೇಶದವರು ಕರೆದರೂ ಹೊರಟರು. ಇದಕ್ಕೆ ಫ್ರೀಲಾನ್ಸ್ ಎನ್ನುತ್ತಾರೆ. ಆದರೆ ಯಂತ್ರದ ವಿದ್ಯೆಗಿಂತ ಅವರಿಗೆ ಚೆನ್ನಾಗಿ ಒಲಿದದ್ದು ದಿನ ಎಣಿಸುವ ವಿದ್ಯೆ. ಒಂದು ದೇಶದಲ್ಲಿ ಅರ್ಧ ವರ್ಷ ದಾಟಿದರೆ ಆ ದೇಶ "ನೀನು ನಮ್ಮವನು, ತೆರಿಗೆ ಕಟ್ಟು" ಎನ್ನುತ್ತದಂತೆ. ಅದಕ್ಕೇ ಅಂಗಿ ಜೇಬಿನಲ್ಲಿ ಸದಾ ಒಂದು ನೀಲಿ ಪುಸ್ತಕ, ಅದರಲ್ಲಿ ಎಲ್ಲಿ ಎಷ್ಟು ದಿನ ಎಂದು ಗೀಟು. ಅಲ್ಲಿ ಐದು ತಿಂಗಳು, ಮತ್ತೊಂದು ಕಡೆ ನಾಲ್ಕು, ಇಲ್ಲಿ ಚೂರುಪಾರು ಸೇರಿ ಮೂರು. ಒಮ್ಮೆ ನಾನು ಜ್ವರದಿಂದ ಹಾಸಿಗೆ ಹಿಡಿದಾಗ ಎರಡು ದಿನ ಹೆಚ್ಚಿಗೆ ಉಳಿದರು. ಆ ಎರಡು ಗೀಟುಗಳ ಪಕ್ಕ "ಪತ್ನಿ, ಜ್ವರ" ಎಂದು ಬರೆದುಕೊಂಡದ್ದನ್ನು ನಾನೇ ನೋಡಿದ್ದೇನೆ.

"ನನ್ನನ್ನ ನಮ್ಮವನು ಅನ್ನೋಕೆ ಯಾವ ದೇಶಕ್ಕೂ ಆಗಲ್ಲ," ಎಂದು ನೆಂಟರ ಮುಂದೆ ಮೀಸೆ ತಿರುವುತ್ತಿದ್ದರು.

ಇವರು ಚಾಪೆಯ ಕೆಳಗೆ ತೂರಿದರೆ ಇಲ್ಲಿನ ತೆರಿಗೆ ಇಲಾಖೆ ರಂಗೋಲಿಯ ಕೆಳಗೆ ತೂರಿತು. ಪತ್ರ ಬಂತು. ದಿನಗಳ ಲೆಕ್ಕವೇನೋ ಸರಿ, ಆದರೆ ಹೆಂಡತಿ, ತಂದೆ, ಮಲಗುವ ಮಂಚ ಎಲ್ಲ ಇಲ್ಲಿರುವಾಗ ನೀವು ಇಲ್ಲಿಯವರಲ್ಲ ಎಂದು ನಂಬುವುದು ಹೇಗೆ? ಮಂಗಳವಾರ ಅಧಿಕಾರಿ ಮನೆ ನೋಡಲು ಬರುತ್ತಾರೆ.

"ತೆರಿಗೆ ಕಟ್ಟಿಬಿಟ್ರೆ ಏನಾಗುತ್ತೆ?" ಎಂದು ಕೇಳಿದೆ.

"ಇಲ್ಲಿಯವನು ಅಂತ ಆಗುತ್ತೆ."

"ಆಗಲಿ ಬಿಡಿ. ಆಮೇಲೆ ಗೀಟು ಹಾಕೋ ಕೆಲಸ ಇರಲ್ಲ. ಎಷ್ಟು ದಿನ ಬೇಕಾದ್ರೂ ಇರಬಹುದಲ್ಲ?"

"ತಲೆ ಕೆಟ್ಟಿದೆಯಾ ನಿಂಗೆ?"

ತೆರಿಗೆ ಕಟ್ಟಲು ಶಕ್ತಿಯಿಲ್ಲದ ಮನೆ ನಮ್ಮದಲ್ಲ. ನನಗೆ ಬೇಕಿದ್ದದ್ದು ಇಷ್ಟೇ: ಈ ಮನುಷ್ಯ ಒಂದೇ ಒಂದು ಸಲ, ನಷ್ಟವಾದರೂ ಚಿಂತೆಯಿಲ್ಲ, ನಾನು ಇಲ್ಲಿಯವನು ಎನ್ನಲಿ. ಅನ್ನಲಿಲ್ಲ. ಮಜ್ಜಿಗೆ ಬಡಿಸಿ ಸೈನ್ ಹಾಕಿದೆ.

ಭಾನುವಾರ ಯಜಮಾನರನ್ನು ಮನೆಯಿಂದ ಅಳಿಸುವ ಕಾರ್ಯಕ್ರಮ. ಅವರು ಕುರ್ಚಿಯಲ್ಲಿ ಕೂತು ಬೆರಳು ತೋರಿಸಿದರು, ನಾನು ಎತ್ತಿದೆ. ಬಾಗಿಲ ಮೇಲಿನ ಹೆಸರಿನ ಹಲಗೆ, ಚಪ್ಪಲಿ, ರೇಜರು, ಹಳೆಯ ಅಂಗಿಗಳು, ಗೋಡೆಯ ಮೇಲಿನ ಮದುವೆ ಫೋಟೋ.

"ಫೋಟೋನೂ ಬೇಕಾ?"

"ಅದೇ ಮುಖ್ಯ ಸಾಕ್ಷಿ ಕಣೇ!"

ಕೊನೆಗೆ ಅವರ ಕೋಣೆ. ಹೊರದೇಶದ ಫೋನು ಹೊತ್ತಲ್ಲದ ಹೊತ್ತಿಗೆ ಬರುತ್ತದೆಂದು ಅಲ್ಲೇ ಅವರದೊಂದು ಮಂಚ, ಮೇಜು. ಊರಿನಲ್ಲಿಲ್ಲದಾಗ ಅದಕ್ಕೆ ಬೀಗ. ನಾನು ಸೋಫಾ, ಕುರ್ಚಿಗಳಿಗೆ ಕವರ್ ಹೊಲಿಯುವವಳು. ಅಷ್ಟು ವರ್ಷವೂ ಊಟದ ಮೇಜಿನ ಮೇಲೆ ಹೊಲಿದು, ಊಟದ ಹೊತ್ತಾದಾಗಲೆಲ್ಲ ಮಣಭಾರದ ಯಂತ್ರವನ್ನು ಎತ್ತಿಟ್ಟು ಸೊಂಟ ಹಿಡಿಸಿಕೊಂಡಿದ್ದೆ.

"ಖಾಲಿ ಕೋಣೆ ಕಂಡ್ರೆ ಅನುಮಾನ ಬರುತ್ತೆ. ನಿನ್ನ ಮೆಷಿನ್ ತಂದಿಡು," ಎಂದು ಅವರೇ ಅಂದರು. ಮಂಚವನ್ನು ಗೆಳೆಯನ ಗೋದಾಮಿಗೆ ಸಾಗಿಸಲು ಹೇಳಿ, ಮನೆಯದೂ ಕೋಣೆಯದೂ ಬೀಗದ ಕೈಗಳನ್ನು ನನ್ನ ಅಂಗೈಯಲ್ಲಿಟ್ಟು, ಎಲ್ಲ ಮುಗಿಯುವ ತನಕ ಇರಲೆಂದು ಲಾಡ್ಜ್ ಒಂದಕ್ಕೆ ಹೊರಟರು. ಬಾಗಿಲ ಬಳಿ ನಿಂತು ತಮ್ಮ ಅಪ್ಪನತ್ತ ತಿರುಗಿದರು.

ಮಾವನವರದೇ ದೊಡ್ಡ ಭಯ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ಒಂದು ಗುಲಗಂಜಿಯಷ್ಟು ಸುಳ್ಳನ್ನೂ ಹೇಳಿದವರಲ್ಲ. ನನ್ನ ಅಡುಗೆಯ ವಿಷಯದಲ್ಲೂ ಹೇಳಿದವರಲ್ಲ.

"ಅಪ್ಪಾ, ಮಂಗಳವಾರ ಪಾರ್ಕಲ್ಲಿ ಹೋಗಿ ಕೂತ್ಕೋ."

"ಮಂಡಿ ನೋವು ಕಣೋ. ಬೇಕಾದ್ರೆ ನೀನೇ ಹೋಗಿ ಕೂತ್ಕೋ."

ಮಂಗಳವಾರ ಬಂದ ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಅವರು ಒಳಗೆ ಕಾಲಿಡುವ ಮೊದಲೇ "ಆ ಚಪ್ಪಲಿ ಮಾವಂದು" ಎಂದುಬಿಟ್ಟೆ. ಅವರು ನಕ್ಕು ಬರೆದುಕೊಂಡರು. ಬಚ್ಚಲಲ್ಲಿ ಒಂದು ಬ್ರಷ್, ಮಾವನ ಹಲ್ಲಿನ ಸೆಟ್ಟಿನ ಬಟ್ಟಲು. ಬೀರುವಿನಲ್ಲಿ ನನ್ನ ಬಟ್ಟೆ. ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆಯ ಥಾನು, ಕಿಟಕಿಯ ಬೆಳಕು. "ಒಳ್ಳೇ ಜಾಗ ಮಾಡ್ಕೊಂಡಿದೀರಿ," ಅಂದರು. ಗೋಡೆಯಲ್ಲಿ ಫೋಟೋ ಇದ್ದ ಜಾಗ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು. ಅದನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಮಾವನ ಎದುರು ಕೂತರು.

"ತಾತಾ, ನಿಮ್ಮ ಮಗ ಇಲ್ಲಿ ವಾಸ ಮಾಡ್ತಾರಾ?"

ಮಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಮುಗಿಯಿತು ಕಥೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮುಗಿಯಲಿ ಎಂದು ಒಳಗೊಳಗೇ ಆಸೆಯೂ ಇತ್ತು. ಹೌದು ಎಂದುಬಿಡಲಿ, ದಂಡ ಬೀಳಲಿ, ಈ ಮನುಷ್ಯ ಇಲ್ಲಿಯವನೆಂದು ಸರ್ಕಾರವೇ ಮೊಹರು ಒತ್ತಲಿ.

"ಇಲ್ಲ ತಾಯಿ," ಅಂದರು ಮಾವ. "ಬರ್ತಾನೆ, ಹೋಗ್ತಾನೆ. ವಾಸ ಮಾಡಲ್ಲ."

ಅಧಿಕಾರಿ ಹೋದ ಮೇಲೆ ಕೇಳಿದೆ, "ಮಗನಿಗೋಸ್ಕರ ನೀವೂ ಸುಳ್ಳು ಹೇಳಿದ್ರಲ್ಲ ಮಾವ?"

"ಸುಳ್ಳಾ?" ಅವರಿಗೆ ನಿಜಕ್ಕೂ ಸಿಟ್ಟು ಬಂತು. "ಭಾನುವಾರ ಅವನ ಸಾಮಾನು ತುಂಬಿದ್ಯಲ್ಲ, ಎಷ್ಟು ಪೆಟ್ಟಿಗೆ ಆಯ್ತು?"

"ಒಂದೂವರೆ."

"ಹನ್ನೆರಡು ವರ್ಷಕ್ಕೆ ಒಂದೂವರೆ ರಟ್ಟಿನ ಪೆಟ್ಟಿಗೆ. ನಾನು ಅಳತೆ ನೋಡಿ ಹೇಳಿದ್ದು ಕಣಮ್ಮ."

ನನಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟೇ ಉಳಿಯಿತು. ಗೋದಾಮು ಸೇರಿದ್ದ ಮಂಚವನ್ನು ಮರುದಿನವೇ ಅಲ್ಲಿಂದ ತರಿಸಿ, ಹೊಸದಾಗಿ ಮನೆ ಹೂಡಿದ್ದ ನನ್ನ ಗಿರಾಕಿಯೊಬ್ಬಳಿಗೆ ಕೊಟ್ಟುಬಿಟ್ಟೆ.

ಎರಡು ವಾರಕ್ಕೆ ಇಲಾಖೆಯ ಉತ್ತರ ಬಂತು: ಇವರು ಇಲ್ಲಿಯವರಲ್ಲವೆಂದು ಒಪ್ಪಲಾಗಿದೆ. ಫೋನಿನಲ್ಲಿ ಓದಿ ಹೇಳಿದೆ. ಆ ಸಂಜೆಯೇ ಯಜಮಾನರು ಕೈಯಲ್ಲಿ ಸಿಹಿಯ ಪೊಟ್ಟಣ ಹಿಡಿದು ಬಾಗಿಲ ಗಂಟೆ ಒತ್ತಿದರು. ಒತ್ತಲೇಬೇಕಿತ್ತು, ಬೀಗದ ಕೈ ನನ್ನ ಬಳಿ ಇತ್ತಲ್ಲ.

"ಗೆದ್ವಿ ಕಣೇ!" ಎನ್ನುತ್ತ ನೇರ ಕೋಣೆಗೆ ನಡೆದವರು ಹೊಸ್ತಿಲಲ್ಲೇ ನಿಂತರು. "ಮೆಷಿನ್ ಇನ್ನೂ ಇಲ್ಲೇ ಇದೆ? ನನ್ನ ಮಂಚ?"

"ಕೊಟ್ಟುಬಿಟ್ಟೆ."

"ಕೊಟ್ಟುಬಿಟ್ಯಾ? ಅದು ಬರೀ ಅವರಿಗೆ ತೋರಿಸೋಕೆ ಮಾಡಿದ್ದಲ್ವಾ!"

"ನಾನು ಸೈನ್ ಹಾಕಿದೀನಿ. ಮಾವ ಸಾಕ್ಷಿ ಹೇಳಿದಾರೆ. ಸರ್ಕಾರವೂ ಒಪ್ಪಿದೆ. ಇನ್ಯಾರನ್ನ ಕೇಳಬೇಕು?"

ಅವರು ಅಪ್ಪನತ್ತ ನೋಡಿದರು. ಮಾವ ಪೇಪರಿನ ಹಾಳೆ ತಿರುವಿದರು.

ನಾನು ಕೆಟ್ಟವಳಲ್ಲ. ಕೊನೆಯದಾಗಿ ಒಂದು ಅವಕಾಶ ಕೊಡೋಣ ಎನಿಸಿತು. ಮನೆಗೆ ಬಂದ ಯಾರನ್ನಾದರೂ ಕೇಳುವ ಹಾಗೆ, ಮೆತ್ತಗೆ ಕೇಳಿದೆ:

"ಎಷ್ಟು ದಿನ ಇರ್ತೀರಿ?"

"ಇದೆಂಥ ಪ್ರಶ್ನೆ, ನನ್ನ ಮನೆ ಇದು" ಎಂದು ರೇಗಿದ್ದರೆ ಸಾಕಿತ್ತು. ನಾಳೆಯೇ ಹೊಸ ಮಂಚ ತರುತ್ತಿದ್ದೆ, ಯಂತ್ರವನ್ನು ಮತ್ತೆ ಊಟದ ಮೇಜಿಗೇ ಹೊರುತ್ತಿದ್ದೆ, ಸೊಂಟ ಹಾಳಾಗಿ ಹೋಗಲಿ. ಆದರೆ ಅವರ ಕೈ ತನ್ನಷ್ಟಕ್ಕೆ ಅಂಗಿ ಜೇಬಿಗೆ ಹೋಯಿತು. ನೀಲಿ ಪುಸ್ತಕ ಹೊರಬಂತು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ತುಟಿ ಅಲ್ಲಾಡಿಸುತ್ತ ಎಣಿಸಿದರು.

"ಹನ್ನೊಂದು," ಅಂದರು.

"ಹನ್ನೊಂದು ದಿನಕ್ಕೆ ಹಾಲ್‌ನಲ್ಲಿರೋ ಸೋಫಾ ಸಾಕು," ಎಂದೆ. "ಕವರ್ ಹೊಸದು, ಕೊಳೆ ಮಾಡಬೇಡಿ."