ಎ ಬದಿಯ ಕೊನೆಯ ಹಾಡು

ನಾನು ಒಂದು ಕ್ಯಾಸೆಟ್ಟು. ಬೆಂಗಳೂರಿನ ಕಾಕ್ಸ್‌ಟೌನಿನ ನಾಲ್ವರು ತರುಣರು ಕಟ್ಟಿದ ‘ಟಿನ್ ಪೀಕಾಕ್’ ಬ್ಯಾಂಡಿನ ಮೊದಲ ಆಲ್ಬಮ್ಮು. ಎರಡನೆಯದು ಬರಲೇ ಇಲ್ಲ. ೧೯೮೯ರಲ್ಲಿ ನಾವು ಮುನ್ನೂರು ಪ್ರತಿಗಳು ಹುಟ್ಟಿದೆವು. ಹೊದಿಕೆಯ ಮೇಲೆ ನಾಲ್ವರೂ ಕೂದಲು ಉಬ್ಬಿಸಿ, ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ ಹಚ್ಚಿ ನಿಂತಿದ್ದರು. ಒಳಗೆಲ್ಲ ಗಿಟಾರಿನ ಗದ್ದಲ. ಎ ಬದಿಯ ಕೊನೆಯ ಹಾಡು ಮಾತ್ರ ಮೆಲ್ಲನೆಯದು. ಅದನ್ನು ಡ್ರಮ್ ಬಾರಿಸುವ ಸೆಲ್ವಿನ್ ಹಾಡಿದ್ದ. ಅವನು ಹಾಡಿದ್ದು ಅದೊಂದೇ.

ಪತ್ರಿಕೆಗಳು ನಮ್ಮನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮಾರಾಟವಾಗದ ಪ್ರತಿಗಳನ್ನು ಕಂಪನಿಯವರೇ ಅಳಿಸಿ ಭಜನೆ ತುಂಬಿದರಂತೆ. ನನಗೆ ಬೇಸರವಾಗಬೇಕಿತ್ತು, ಆಗಲಿಲ್ಲ.

ನಾನು ಹುಬ್ಬಳ್ಳಿಯ ಒಂದು ಅಂಗಡಿ ಸೇರಿದೆ. ಅಂಗಡಿಯ ಮಡಿವಾಳಪ್ಪ ಚಿತ್ರ ನೋಡಿ ನನ್ನನ್ನು ಹೆಣ್ಣುಮಕ್ಕಳ ಹಾಡಿನ ಸಾಲಿನಲ್ಲಿ ಇಟ್ಟ. ನಾದಿನಿಯ ಕುಬಸಕ್ಕೆಂದು ಹಾಡು ಹುಡುಕುತ್ತಿದ್ದ ಶಾಂತವ್ವ ನನ್ನನ್ನು ಎತ್ತಿಕೊಂಡಳು.

“ನಾಕೂ ಅಕ್ಕತಂಗ್ಯಾರು ಎಷ್ಟ್ ಚಂದ ಅದಾರ! ಸೋಬಾನ ಪದ ಹಾಡ್ತಾರೇನ್ರಿ?”

“ಹಾಡ್ತಾರ್ರಿ. ಬೆಂಗಳೂರ ಮಂದಿ,” ಎಂದ, ನನ್ನನ್ನು ಒಮ್ಮೆಯೂ ಹಾಕಿ ಕೇಳದ ಮಡಿವಾಳಪ್ಪ.

ಬಸುರಿಗೆ ಹಸಿರು ಸೀರೆ ಉಡಿಸಿ ಕೂರಿಸಿದಾಗ ನನ್ನನ್ನು ಹಾಕಿದರು. ಮುತ್ತೈದೆಯರು ಆರತಿ ತಟ್ಟೆ ಬಿಟ್ಟು ಕಿವಿ ಮುಚ್ಚಿಕೊಂಡರು. “ಅಯ್ಯ ಶಿವನ, ಯಾರಿಗರ ಹೊಟ್ಟಿನೋವು ಬಂದೈತೇನು?” ಎಂದಳು ಒಬ್ಬಳು. ಶಾಂತವ್ವ ನಾಚಿಕೆಯಿಂದ ಕುಗ್ಗಿಹೋದಳು.

ಮಡಿವಾಳಪ್ಪ ನನ್ನನ್ನು ವಾಪಸ್ ತೆಗೆದುಕೊಳ್ಳಲಿಲ್ಲ. “ಮ್ಯಾಲಿನ ತೂತಿಗೆ ಕಾಗದ ಅಂಟಸ್ರಿ, ಹಳೇದರ ಮ್ಯಾಲ ನಿಮಗ ಬೇಕಾದ್ದು ತುಂಬಿಕೊಳ್ರಿ,” ಎಂದು ಉಪಾಯ ಹೇಳಿಕೊಟ್ಟ. ಮಗಳು ಕಸ್ತೂರಿ ಶಾಲೆಗೆ ಹೋಗಿದ್ದ ಒಂದು ಮಧ್ಯಾಹ್ನ ಶಾಂತವ್ವ ಬಾಗಿಲು ಮುಚ್ಚಿ, ತಾನೇ ಸೋಬಾನ ಪದ ಹಾಡಿ ಎ ಬದಿ ಪೂರ್ತಿ ತುಂಬಿದಳು. ಯಾರಿಗೂ ಹೇಳಲಿಲ್ಲ. ಸೆಲ್ವಿನ್ ಅಳಿಸಿಹೋಗುವಾಗ ನನಗೆ ನೋವಾಗಲಿಲ್ಲ. ತಿರುಗಿದೆ, ಅಷ್ಟೆ.

ಮೂವತ್ತು ವರ್ಷ ಟ್ರಂಕಿನಲ್ಲಿ ಬಿದ್ದಿದ್ದೆ. ಶಾಂತವ್ವ ತೀರಿಕೊಂಡ ಮೇಲೆ ಕಸ್ತೂರಿ ನನ್ನ ಫೋಟೋ ತೆಗೆದು ಹಳೆಯ ಕ್ಯಾಸೆಟ್ಟು ಕೂಡಿಸುವವರ ಆನ್‌ಲೈನ್ ಗುಂಪಿಗೆ ಹಾಕಿದಳು. ಅದನ್ನು ನೋಡಿ ಸೆಲ್ವಿನ್‌ನ ಅಕ್ಕ ಮರ್ಲಿನ್ ಪ್ಲೇಯರ್ ಹಿಡಿದುಕೊಂಡು ಬೆಂಗಳೂರಿನಿಂದ ಬಂದಳು.

“ನನ್ನ ತಮ್ಮ ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಎಲ್ಲಾ ಹಾಡಲ್ಲೂ ಅವನ ಡ್ರಮ್ ಇದೆ, ಡ್ರಮ್ ಯಾರ್ ಬೇಕಾದ್ರೂ ಬಾರಿಸ್ತಾರೆ. ನನಗೆ ಅವನ ಧ್ವನಿ ಬೇಕು, ಎ ಸೈಡಿನ ಕೊನೆ ಹಾಡು. ಬೇರೆ ಎಲ್ಲೂ ಸಿಗಲಿಲ್ಲ.”

ನನ್ನನ್ನು ಹಾಕಿದರು. ಶಾಂತವ್ವ ಹಾಡತೊಡಗಿದಳು.

“ನಮ್ಮವ್ವ! ಇದು ನಮ್ಮವ್ವನ ದನೀರಿ!” ಕಸ್ತೂರಿ ನೆಲಕ್ಕೆ ಕುಸಿದು ಅತ್ತಳು. ಮರ್ಲಿನ್ ಒಂದೊಂದು ಪದ ಮುಗಿದಾಗಲೂ ಮುಂದಕ್ಕೆ ಬಾಗುತ್ತಿದ್ದಳು. ಎ ಬದಿ ಮುಗಿದು ಗುಂಡಿ ಟಕ್ಕೆಂದಿತು. ಸೆಲ್ವಿನ್ ಬರಲಿಲ್ಲ.

ಕಸ್ತೂರಿಗೆ ಆಗ ತಿಳಿಯಿತು. “ಅಕ್ಕಾರ, ನಮ್ಮವ್ವಗ ಗೊತ್ತಿರಲಿಲ್ರೀ…”

ಮರ್ಲಿನ್ ಪ್ಲೇಯರನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, “ಇನ್ನೊಂದ್ಸಲ ಹಾಕಿ. ಇದರ ಅಡಿಯಲ್ಲೇ ಅಲ್ವಾ ಅವನಿರೋದು,” ಎಂದಳು.

ಅಡಿಯಲ್ಲಿ ಏನೂ ಇಲ್ಲ. ಅದು ನನಗೊಬ್ಬನಿಗೇ ಗೊತ್ತು, ಹೇಳಲು ಬಾಯಿಲ್ಲ. ಕಸ್ತೂರಿ ನನ್ನನ್ನು ಹಿಂದಕ್ಕೆ ಸುತ್ತಿ ಮತ್ತೆ ಗುಂಡಿ ಒತ್ತಿದಳು. ಇಬ್ಬರೂ ಪ್ಲೇಯರಿಗೆ ಕಿವಿಯಿಟ್ಟು ಕೂತರು.