ಕುದುರೆಯ ಎಡ ಹಿಂಗಾಲು

ಆ ಬೀದಿಯವರು ವರ್ಷಕ್ಕೊಮ್ಮೆ ಆಡುವ ನಾಟಕದಲ್ಲಿ ಒಂದು ಕುದುರೆ ಬರುತ್ತದೆ. ಬಟ್ಟೆಯ ಕುದುರೆ, ಒಳಗೆ ಇಬ್ಬರು. ಮುಂಗಾಲು ಯಾವಾಗಲೂ ಪ್ಯಾಂಟು ಹೊಲಿಯುವ ಟೈಲರ್ ಅಣ್ಣನದು. ಹಿಂಗಾಲು ಅವನ ತಂಗಿಯದಾಗಬೇಕಿತ್ತು. ಆದರೆ ಕಳೆದ ಮೂರು ವರ್ಷವೂ ನಾಟಕದ ವಾರಕ್ಕೆ ಸರಿಯಾಗಿ ಅವಳು ಆಸ್ಪತ್ರೆ ಸೇರಿ, ಹಿಂಗಾಲು ಬೇಕರಿಯವನ ಪಾಲಾಗಿತ್ತು.

"ಅವನು ಒಳಗಿದ್ರೆ ಕುದುರೆ ಮೊಟ್ಟೆ ಇಡೋಕೆ ಕೂತ ಹಾಗಿರುತ್ತೆ" ಎಂದು ಅವಳು ಎಲ್ಲರೆದುರು ಆಡಿಕೊಳ್ಳುತ್ತಿದ್ದಳು. ಈ ವರ್ಷ ಆಕಾಶ ಕಳಚಿ ಬಿದ್ದರೂ ಹಿಂಗಾಲು ತನ್ನದೇ ಎಂದು ತೀರ್ಮಾನಿಸಿದ್ದಳು.

ಅಣ್ಣನ ಅಂಗಡಿಯಲ್ಲಿ ಅವಳದು ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸ. ತುಟಿಯ ಮಧ್ಯೆ ಸದಾ ನಾಲ್ಕಾರು ಗುಂಡುಸೂಜಿ. ತೆಗೆದರೆ ಬರುವ ಮಾತು ಅದಕ್ಕಿಂತ ಚೂಪು. ಹಾಗಾಗಿ ಬೀದಿಯವರಿಗೆಲ್ಲ ಅವಳು ಗುಂಡುಸೂಜಿ. ಹುಟ್ಟಿನಿಂದಲೇ ಅವಳಿಗೆ ಸಿಕಲ್ ಸೆಲ್ ರೋಗ. ದುಂಡಗಿರಬೇಕಾದ ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಮೂಳೆ ಮೂಳೆಯೂ ನೋಯುತ್ತದೆ. ಮೂವತ್ತೊಂದು ವರ್ಷದ ಒಡನಾಟದಲ್ಲಿ ಅವಳು ಒಂದು ಉಪಾಯ ಕಲಿತಿದ್ದಳು. ಒಂದರಿಂದ ಹತ್ತರೊಳಗೆ ನೋವೆಷ್ಟು ಎಂದು ನರ್ಸ್ ಕೇಳಿದಾಗಲೆಲ್ಲ "ಮೂರು" ಅನ್ನುವುದು. ಅದಕ್ಕಿಂತ ಹೆಚ್ಚು ಹೇಳಿದರೆ ಆಸ್ಪತ್ರೆಯಲ್ಲೇ ಹಾಸಿಗೆ ಹಾಸುತ್ತಾರೆ, ಕಡಿಮೆ ಹೇಳಿದರೆ ನಂಬುವುದಿಲ್ಲ.

ನಾಟಕಕ್ಕೆ ಇನ್ನು ಒಂದು ವಾರವಿದೆ ಎನ್ನುವಾಗ ಎಡಗಾಲಿನ ಮೀನಖಂಡ ನೋಯತೊಡಗಿತು. ಹಳೆಯ ನೆಂಟ ಬಂದ ಎಂದುಕೊಂಡು ಅವಳು ಚೊಂಬುಗಟ್ಟಲೆ ನೀರು ಕುಡಿದಳು, ಉಣ್ಣೆಯ ಕಾಲುಚೀಲ ಹಾಕಿದಳು, ಬಾಯಿಗೆ ಬೀಗ ಹಾಕಿದಳು. ಈ ಸಲ ಬೆನ್ನು, ತೊಡೆ ಎಲ್ಲ ಸುಮ್ಮನಿದ್ದು ಒಂದೇ ಕಾಲು ಊದಿ ಬಿಸಿಯಾಗಿದ್ದೇಕೆ ಎಂದು ಯೋಚಿಸಲಿಲ್ಲ. ಬಟ್ಟೆಯ ಥಾನು ಇಳಿಸಲು ಅಟ್ಟದ ಏಣಿ ಹತ್ತಿದಾಗ ಏದುಸಿರು ಬಂತು. ಏಣಿಯನ್ನೇ ಬೈದಳು. ಅಣ್ಣನಿಗೆ ಅನುಮಾನ ಬರಬಾರದೆಂದು ಆ ನಾಲ್ಕು ದಿನ ಎಂದಿಗಿಂತ ಹೆಚ್ಚು ತಮಾಷೆ ಮಾಡಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಐದನೆಯ ದಿನ ಕುದುರೆಯ ಹಿಂಗಾಲಿನ ಪ್ಯಾಂಟು ಟ್ರಯಲ್‌ಗೆ ಬಂತು. ಪರದೆಯ ಹಿಂದೆ ಹೋಗಿ ಹಾಕಿಕೊಂಡಳು. ಬಲಗಾಲು ಸಲೀಸಾಗಿ ಇಳಿಯಿತು. ಎಡಗಾಲು ಮೀನಖಂಡದಲ್ಲಿ ಸಿಕ್ಕಿಕೊಂಡಿತು.

"ಏನಾಯ್ತೇ? ಕುದುರೆ ನಿದ್ದೆ ಹೋಯ್ತಾ?" ಎಂದ ಅಣ್ಣ ಹೊರಗಿನಿಂದ.

ಬಟ್ಟೆ ಕುಗ್ಗಿದೆ ಎಂದಿದ್ದರೆ ಅವನು ನಂಬುತ್ತಿದ್ದ. ಆದರೆ ಕೆಣಕುವುದು ಅವಳ ಹುಟ್ಟುಗುಣ. "ಎಡಗಾಲು ತಪ್ಪು ಕತ್ತರಿಸಿದ್ದೀಯ ಅಣ್ಣಾ. ಪಾಪ, ವಯಸ್ಸಾಯ್ತಲ್ಲ ನಿಂಗೂ" ಎಂದುಬಿಟ್ಟಳು.

ಹುತ್ತಕ್ಕೆ ಕೈ ಹಾಕಿದ ಹಾಗಾಯಿತು. ಅಣ್ಣನನ್ನು ಕುಳ್ಳ ಅನ್ನಿ, ಜಿಪುಣ ಅನ್ನಿ, ನಗುತ್ತಾನೆ. ಕತ್ತರಿ ತಪ್ಪಿತು ಎಂದರೆ ಮಾತ್ರ ಊಟ ಬಿಡುವ ಆಸಾಮಿ.

"ತಪ್ಪಾ? ನಂದಾ? ಬಿಚ್ಚಿ ಕೊಡು ಇಲ್ಲಿ!"

ಪ್ಯಾಂಟನ್ನು ಮೇಜಿನ ಮೇಲೆ ಒಳಹೊರಗು ಮಾಡಿ ಹಾಸಿ, ಎರಡೂ ಕಾಲಿಗೆ ಟೇಪು ಹಿಡಿದ. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಅವನ ಮುಖ ಅರಳಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಬಾ, ಕಾಲು ಕೊಡು."

"ಕಾಲು ಯಾಕೆ?" ಎಂದಳು ಗುಂಡುಸೂಜಿ. ದನಿ ಸ್ವಲ್ಪ ಸಣ್ಣದಾಗಿತ್ತು.

"ಬಟ್ಟೆ ಸರಿ ಇದೆ ಅಂದ್ಮೇಲೆ ಅಳೆಯೋಕೆ ಇನ್ನೇನು ಉಳೀತು?"

ಬಲ ಮೀನಖಂಡ ಹದಿಮೂರು ಇಂಚು, ಹೋದ ವಾರ ಅಳತೆ ಪುಸ್ತಕದಲ್ಲಿ ಬರೆದಷ್ಟೇ. ಎಡದ್ದು ಹದಿನಾಲ್ಕೂವರೆ. ಅವನು ಇನ್ನೊಮ್ಮೆ ಅಳೆದ. ಟೇಪು ಹಿಡಿದ ಬೆರಳಿಗೆ ಬಿಸಿ ತಾಗಿತು. ಗೆದ್ದವನ ನಗು ಅಲ್ಲೇ ಆರಿಹೋಯಿತು.

"ಎಷ್ಟು ದಿನದಿಂದ?"

"ಈಗಷ್ಟೇ..."

"ಎಷ್ಟು ದಿನ?"

"ಐದು."

ಅಣ್ಣ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಧೈರ್ಯ ಬರುತ್ತಿತ್ತು. ಅವನು ಅಂಗಡಿಯ ಶಟರ್ ಎಳೆದ.

ಆಸ್ಪತ್ರೆಯಲ್ಲಿ ಕಾಲಿನ ಸ್ಕ್ಯಾನ್ ಆಯಿತು. ಡಾಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು.

"ಇದು ನಿಮ್ಮ ಹಳೇ ನೋವಲ್ಲಮ್ಮ. ಬಾಗಿದ ಕಣಗಳು ನಾಳದ ಒಳಗೋಡೆಗೆ ಅಂಟಿ, ಒಡೆದು, ಅಲ್ಲಿ ಉರಿಯೂತ ಎಬ್ಬಿಸ್ತಾವೆ. ಉರಿಯೂತ ಇದ್ದ ಕಡೆ ರಕ್ತ ಬೇಗ ಹೆಪ್ಪುಗಟ್ಟುತ್ತೆ. ನಿಮ್ಮ ಕಾಲಿನ ಒಳನಾಳದಲ್ಲಿ ಈಗ ಅಂಥದ್ದೊಂದು ಹೆಪ್ಪು ಕೂತಿದೆ. ಅದರ ಚೂರು ಕಿತ್ತು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಎಲ್ಲಾದ್ರೂ ಉಸಿರು ಕಟ್ಟಿತ್ತಾ?"

"ನಮ್ಮ ಏಣಿ ಸರಿ ಇಲ್ಲ ಡಾಕ್ಟ್ರೇ" ಎಂದಳು.

ಡಾಕ್ಟರ್ ನಗಲಿಲ್ಲ. ಎದೆಯ ಸ್ಕ್ಯಾನ್‌ಗೂ ಬರೆದು ಎದ್ದರು.

ಹೆಪ್ಪು ಬೆಳೆಯದಂತೆ ತಡೆಯುವ ಇಂಜೆಕ್ಷನ್ ಹಿಡಿದು ನರ್ಸ್ ಬಂದಳು. "ನೋವು ಎಷ್ಟು? ಒಂದರಿಂದ ಹತ್ತರೊಳಗೆ."

"ಮೂರು" ಎಂದಿತು ಗುಂಡುಸೂಜಿಯ ಬಾಯಿ, ಯಾರನ್ನೂ ಕೇಳದೆ.

ಅಣ್ಣ ಹಾಸಿಗೆಯ ಕಾಲ ಬಳಿ ನಿಂತಿದ್ದ. ಟೇಪು ಇನ್ನೂ ಕೊರಳಲ್ಲೇ ಇತ್ತು. "ಲೇ, ಕುದುರೆ ಮುಂದಿನ ವರ್ಷವೂ ಇರುತ್ತೆ. ನೀನು ಇರಬೇಕಲ್ಲ" ಎಂದ. ಆಮೇಲೆ ಟೇಪನ್ನು ಕೊರಳಿಂದ ತೆಗೆದು ಸುತ್ತತೊಡಗಿದ. "ಆಯ್ತು, ನಾನೇ ತಪ್ಪು ಕತ್ತರಿಸಿದ್ದೆ. ಎಡಗಾಲು. ಒಪ್ಕೊಂಡೆ. ಈಗ ನೀನೂ ಒಂದು ನಿಜ ಹೇಳು."

ಮೂವತ್ತು ವರ್ಷದಲ್ಲಿ ಒಂದು ನೂಲಿನಷ್ಟು ತಪ್ಪನ್ನೂ ಒಪ್ಪದ ಮನುಷ್ಯ, ಮಾಡದ ತಪ್ಪನ್ನು ತಲೆ ಮೇಲೆ ಹೊತ್ತು ನಿಂತಿದ್ದ. ಅವನು ಅಷ್ಟು ಹೆದರಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ನೋಡಿ ಅವಳಿಗೂ ಮೊದಲ ಸಲ ಹೆದರಿಕೆಯಾಯಿತು. ನಾಚಿಕೆಯೂ ಆಯಿತು.

"ಎಂಟು" ಎಂದಳು. ಕಣ್ಣು ತುಂಬಿ ಬಂತು. "ರಾತ್ರಿ ಒಂಬತ್ತು."

ನರ್ಸ್ ಬರೆದುಕೊಂಡಳು.

ಗುಂಡುಸೂಜಿ ಮೂಗು ಒರೆಸಿಕೊಂಡು ಕಾಗದದತ್ತ ಕತ್ತು ಚಾಚಿದಳು. "ಸಿಸ್ಟರ್, ಅದರ ಕೆಳಗೆ ಅವನು ಒಪ್ಕೊಂಡಿದ್ದನ್ನೂ ಬರೆದು ಸೈನ್ ಹಾಕಿಸ್ಕೊಳ್ಳಿ. ನಾಳೆ ಇಲ್ಲ ಅಂತಾನೆ."